ನಡುಮನೆಗೆ ಬಂದ ಫೋನು

ಫೋನಿನ ತಂತಿ ಮುಟ್ಟಲು ಯಾರಾದರೂ ಮನೆಗೆ ಬಂದರೆ ಏನಾದರೊಂದು ಫಜೀತಿ ಆಗಿಯೇ ತೀರುತ್ತದೆ. ಈಗ ನಾನಿರುವ ಜಬಲಪುರದಲ್ಲೂ ಆಗುತ್ತದೆ. ಮೊದಲು ಕಂಡದ್ದು ಮಾತ್ರ ಸೊಲ್ಲಾಪುರದಲ್ಲಿ, ಮೂವತ್ತರ ದಶಕದಲ್ಲಿ, ನಾನು ಸೊಸೆಯಾಗಿ ಬಂದ ಹೊಸದರಲ್ಲಿ.

೧. ಓಣಿಗೆಲ್ಲ ಒಂದೇ ಫೋನು

ಮಾವನವರದು ಹತ್ತಿ ವ್ಯಾಪಾರ. ಪಡಸಾಲೆಯ ಗೋಡೆಗೆ ಫೋನಿನ ಪೆಟ್ಟಿಗೆ, ಅದರ ಕೆಳಗೆ ಅವರ ಗಾದಿ. ಊರು ಎಷ್ಟು ದೂರವೋ ಅಷ್ಟು ಜೋರಾಗಿ ಮಾತಾಡಬೇಕೆಂದು ಅವರು ನಂಬಿದ್ದರು. ಊರೊಳಗಿನ ಗಿರಣಿಗಾದರೆ ಸಾಧಾರಣ ದನಿ. ಮುಂಬಯಿಗಾದರೆ ಮಾಳಿಗೆಯ ಪಾರಿವಾಳಗಳು ಎದ್ದು ಹೋಗುತ್ತಿದ್ದವು.

ನನ್ನ ತವರು ಅಕ್ಕಲಕೋಟೆ ಕಡೆಯ ವಾಗದರಿ. ಅಪ್ಪ ತಿಂಗಳಿಗೊಮ್ಮೆ ಶೇಂಗಾ ಮಾರಲು ಸೊಲ್ಲಾಪುರಕ್ಕೆ ಬಂದರೂ ನಮ್ಮ ಮನೆಗೆ ಬರುತ್ತಿರಲಿಲ್ಲ. ಮಗಳಿಗೆ ಮಗುವಾಗುವ ತನಕ ಅವಳ ಮನೆಯಲ್ಲಿ ನೀರು ಸಹ ಕುಡಿಯಬಾರದೆಂಬ ರೂಢಿ. ಬಂದು ನೀರು ಒಲ್ಲೆನೆಂದರೆ ಬೀಗರಿಗೆ ಬೇಸರ. ಅದಕ್ಕೇ ತನ್ನ ಶೇಂಗಾ ಮಾರಿಸಿಕೊಡುವ ಅಡತಿ ಅಂಗಡಿಯಿಂದ ಫೋನು ಮಾಡಿಸುತ್ತಿದ್ದ. ಆದರೆ ಮಾವನವರ ಎದುರು ಪಡಸಾಲೆಗೆ ಬಂದು ಸೊಸೆ ಮಾತಾಡುವಂತಿರಲಿಲ್ಲ. ಅವರೇ ಎತ್ತಿ, "ನಿಮ್ಮ ಮಗಳು ಆರಾಮ ಅದಾಳ್ರಿ" ಎಂದು ಕೂಗಿ ಇಟ್ಟುಬಿಡುತ್ತಿದ್ದರು. ನಾನು ಆರಾಮ ಇರುವುದು ಓಣಿಗೆಲ್ಲ ತಿಳಿಯುತ್ತಿತ್ತು. ಅಪ್ಪನ ದನಿ ಮಾತ್ರ ನನಗೆ ಕೇಳುತ್ತಿರಲಿಲ್ಲ.

ಒಂದು ದಿನ ಎದುರುಮನೆಯ ವ್ಯಾಪಾರಿ ತನ್ನ ಫೋನು ತೆಗೆಸಿಬಿಟ್ಟ. ಯಾಕೆಂದು ಮಾವನವರು ಕೇಳಿದರು.

"ನಮ್ಮ ಕಟ್ಟಿಮ್ಯಾಗ ಕುಂತ್ರ ಮುಂಬೈ ಹತ್ತಿ ಧಾರಣಿ ನಿಮ್ಮ ಬಾಯಿಂದನ ಕೇಳತೈತ್ರಿ ಸಾವಕಾರ. ನನಗ್ಯಾಕ ಬ್ಯಾರೆ ಫೋನು?"

೨. ಹಸಿ ಜಾಗ

ಮರುದಿನವೇ ಮಾವನವರು ಫೋನಿನ ಕಚೇರಿಗೆ ಅರ್ಜಿ ಕೊಟ್ಟರು. ಹಳೆಯ ಪೆಟ್ಟಿಗೆ ಕಿತ್ತು ಹೊಸದು ಕೂಡಿಸಬೇಕು, ಅದೂ ಓಣಿಗೆ ಕೇಳದ ಕಡೆ. ಅವರ ಮನಸ್ಸು ಮಾಳಿಗೆಯ ಮೇಲಿತ್ತು. ಅಲ್ಲಿಗೆ ಹೋದರೆ ಫೋನು ನನಗೆ ಇನ್ನೂ ದೂರ.

ತಂತಿ ಕೆಲಸದವನು ಬಂದು ನೋಡಿದ. "ಒಂದು ತಂತಿ ನೆಲದಾಗ ಹುಗೀಬೇಕ್ರಿ. ನೆಲ ಹಸಿ ಇದ್ದಷ್ಟು ದನಿ ಸ್ವಚ್ಛ. ಫೋನೂ ಅದರ ಸಮೀಪನ ಇದ್ರ ಛಲೋ. ಮನ್ಯಾಗ ಹಸಿ ಜಾಗ ಎಲ್ಲೈತಿ, ನಾಳಿಗೆ ತೋರಸ್ರಿ" ಎಂದು ಹೋದ. ನಾನು ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡೆ.

ಮರುದಿನ ತಂತಿಯವನು ನಡುಮನೆಯ ಹಿಂದಿನ ಅಂಗಳಕ್ಕೆ ಕಾಲಿಟ್ಟವನೇ ಜಾರಿ ಕೂತ. ತುಳಸಿಕಟ್ಟೆಯ ಸುತ್ತ ನಾನು ಬೆಳಿಗ್ಗೆ ಆರು ಕೊಡ ಸುರಿದಿದ್ದೆ.

"ಇದೇನ್ರಿ ಅವ್ವಾರ, ಬ್ಯಾಸಗ್ಯಾಗ ಇಷ್ಟು ಹಸಿ?" ಎಂದು ಅತ್ತೆಯವರನ್ನು ಕೇಳಿದ.

"ನಮ್ಮ ಸೊಸಿಗೆ ಭಕ್ತಿ ಭಾಳ" ಎಂದರು ಅವರು, ನನ್ನ ಕಡೆ ನೋಡದೆ.

೩. ಮಾವನವರ ತುಳಸಿ

ಫೋನು ಹೆಂಗಸರು ಓಡಾಡುವ ನಡುಮನೆಗೆ ಬಂತು. ಸ್ವಲ್ಪ ಗರಗರ ಅಂದರೂ ಸಾಕು, ಮಾವನವರು ಫೋನು ಕಿವಿಗೆ ಹಿಡಿದೇ, "ತುಳಸಿಗೆ ನೀರ ಹಾಕ್ರಿ" ಎಂದು ಕೂಗುತ್ತಿದ್ದರು. ನಾನೂ ಅತ್ತೆಯವರೂ ಕೊಡ ಹಿಡಿದು ಓಡುತ್ತಿದ್ದೆವು. "ಮೂವತ್ತ ವರ್ಷ ಹೇಳಿದ್ರೂ ಕೈ ಮುಗೀಲಿಲ್ಲ. ಈಗ ದಿನಕ್ಕ ನಾಕ ಸಲ ತುಳಸಿ ನೆನಸ್ತಾರ" ಎಂದು ಅತ್ತೆ ಬಂದವರಿಗೆಲ್ಲ ಹೇಳುತ್ತಿದ್ದರು.

ಆ ವರ್ಷ ತುಳಸಿ ಕೊಳೆಯಿತು, ಫೋನು ಚಿಗುರಿತು.

೪. ಚಹಾ

ಮುಂದಿನ ಸಲ ಅಪ್ಪನ ಫೋನು ಬಂದಾಗ ಮಾವನವರು ಪೇಟೆಗೆ ಹೋಗಿದ್ದರು. ಅತ್ತೆ ಎತ್ತಿ, "ನಿಮ್ಮಪ್ಪ. ಹಿಡಿ" ಎಂದು ನನ್ನ ಕೈಗಿತ್ತು, ಜೋಳ ಹಸನು ಮಾಡಲು ಕೂತರು.

"ಅಪ್ಪಾ" ಎಂದೆ.

 

"ಯಾರು, ನೀನ ಏನಬೇ?" ಎಂದ ಅಪ್ಪ. "ಇವತ್ತ ಯಾರೂ ಕೂಗಿ ಹೇಳ್ಲಿಲ್ಲಲ್ಲ, ಆರಾಮ ಇಲ್ಲೇನೋ ಅಂತ ಅಂಜಿದೆ."

ಎಮ್ಮೆ ಕರು ಹಾಕಿದ್ದು, ಅವ್ವನ ಮೊಣಕಾಲು ನೋವು, ಎಲ್ಲ ಹೇಳಿದ. ಅಷ್ಟರಲ್ಲಿ ಅಡತಿ ಅಂಗಡಿಯ ಸಾವಕಾರರ ದನಿ ಕೇಳಿತು: "ಗೌಡ್ರ, ಚಹಾ ಆರಾಕತ್ತೈತಿ, ಕುಡೀರಿ."

ಅಪ್ಪ ಬಾಯಿ ಆಚೆ ತಿರುಗಿಸಿ ಮೆಲ್ಲಗೆ ಹೇಳಿದ. ಹೊಸ ಫೋನು, ನೆಲವೂ ಹಸಿ, ಸ್ವಚ್ಛ ಕೇಳಿಸಿತು.

"ಈಗ ಒಲ್ಲೆರಿ. ಮಗಳ ಮನ್ಯಾಗ ಅದೀನಿ."