ಮೈದುನ ಕಟ್ಟಿದ ಸೌತೆಕಾಯಿ

ನನ್ನ ಮೈದುನ ಯುದ್ಧದಲ್ಲಿ ಎಷ್ಟು ಜನ ಶತ್ರುಗಳನ್ನು ಹೊಡೆದನೋ ದೇವರಿಗೇ ಗೊತ್ತು. ಒಬ್ಬರನ್ನೂ ಹೊಡೆದಿರಲಾರ ಎಂಬುದು ನನ್ನ ಗುಮಾನಿ. ಆದರೆ ಯುದ್ಧ ಮುಗಿದು ಮನೆಗೆ ಬಂದ ಮೇಲೆ ಅವನಿಂದ ಪೆಟ್ಟು ತಿಂದವರ ಪಟ್ಟಿ ನನಗೆ ಬಾಯಿಪಾಠ: ನಮ್ಮ ಅತ್ತೆ, ನಮ್ಮ ಪುರೋಹಿತರು, ಮನೆಯ ಬೆಕ್ಕು ಎರಡು ಸಲ, ಮತ್ತು ಅವನಿಗೆ ಹೆಣ್ಣು ಕೊಡಬೇಕಾಗಿದ್ದ ಮಾವ. ಆಯುಧ ಮಾತ್ರ ಒಂದೇ. ಸೌತೆಕಾಯಿ!

ನಗಬೇಡಿ. ನಮ್ಮ ಕಡೆಯ ಸೌತೆಕಾಯಿ ಎಂದರೆ ಹುಳಿಗೆ ಹಾಕುವ ದಪ್ಪ ಕಾಯಿ, ಉಪ್ಪು ಹಚ್ಚಿ ಕಚ್ಚಿ ತಿನ್ನುವ ಎಳೆಯದಲ್ಲ. ಅದು ಮಾಡಿನ ಪಕ್ಕಾಸಿನಿಂದ, ಎಂದರೆ ಸೂರಿನ ಮರದ ಪಟ್ಟಿಯಿಂದ, ಕಳಚಿ ನಿಮ್ಮ ನೆತ್ತಿಯ ಮೇಲೆ ಬೀಳಲಿ, ಆಮೇಲೆ ನಗುವಿರಂತೆ.

ನಮ್ಮ ಮನೆ ಕೋಟದ ಹತ್ತಿರ. ಊರಿನ ಹುಡುಗರೆಲ್ಲ ಮಾಡುವಂತೆ ಇವನೂ ಮೀಸೆ ಮೂಡುವಾಗ ಬೊಂಬಾಯಿಗೆ ಹೋಗಿ ಹೋಟೆಲಿನಲ್ಲಿ ಇಡ್ಲಿ ಹಿಟ್ಟು ರುಬ್ಬಿದ. ರುಬ್ಬಿ ರುಬ್ಬಿ ಬೇಜಾರಾಯಿತೋ ಏನೋ, ಒಂದು ದಿನ ಮಿಲಿಟರಿಗೆ ಸೇರಿದೆ ಎಂದು ಕಾಗದ ಬಂತು. ಅಲ್ಲಿ ಲಾರಿ ಬಿಡಲು ಕಲಿಸಿ ಬರ್ಮಾ ಕಡೆಗೆ ಅಟ್ಟಿದರು. ಲಾರಿಯಲ್ಲಿ ಇದ್ದದ್ದು ಅಕ್ಕಿ, ಬೇಳೆ, ಈರುಳ್ಳಿ. ಆ ಈರುಳ್ಳಿಯ ಮೇಲೆ ಯಾರಿಗೆ ಅಷ್ಟು ಸಿಟ್ಟಿತ್ತೋ, ಪಕ್ಕದಲ್ಲೇ ಬಾಂಬು ಬಿತ್ತು. ಬಲಗೈ ಉಳಿಯಿತು. ಬೆರಳುಗಳು ಮಾತ್ರ ಹೇಳಿದ ಮಾತು ಕೇಳುವುದನ್ನು ಬಿಟ್ಟವು.

ಅವನು ಮರಳಿ ಬಂದಾಗ ನಮ್ಮ ಜಗಲಿಯಲ್ಲಿ ಜನವೋ ಜನ. ಸೈನ್ಯಕ್ಕೆ ಆಳು ಸೇರಿಸುವವರು ಕುಂದಾಪುರಕ್ಕೆ ಬಂದಿದ್ದಾಗ ಹೊಟ್ಟೆನೋವೆಂದು ಮುಸುಕು ಹಾಕಿ ಮಲಗಿದ್ದ ಶೂರರೆಲ್ಲ ಮುಂದಿನ ಸಾಲಿನಲ್ಲೇ ಕೂತಿದ್ದರು.

"ಎಷ್ಟ್ ಜನ್ರನ್ ಕೊಂದೆ ಮಾಣಿ?" ಎಂದು ಒಬ್ಬರು ಬಾಯಿ ಚಪ್ಪರಿಸಿ ಕೇಳಿದರು.

"ಲೆಕ್ಕ ಹಾಕುಕೆ ಬೆರಳ್ ಮಡ್ಚುಕೆ ಆತಿಲ್ಲೆ," ಎಂದ ಇವನು. ಕೇಳಿದವರು ಕಾಫಿ ಕುಡಿದು ಎದ್ದು ಹೋದರು.

ಮನೆಗೆ ಬರುವ ಮುಂಚೆ ಅವನು ಪುಣೆ ಕಡೆಯ ಒಂದು ಮಿಲಿಟರಿ ಆಸ್ಪತ್ರೆಯಲ್ಲಿ ವರ್ಷದ ಮೇಲೆ ಇದ್ದ. ಗಾಯ ಮಾಗಿದ ಮೇಲೆ ಅಲ್ಲಿಯ ಡಾಕ್ಟರು ಸಿಪಾಯಿಗಳನ್ನೆಲ್ಲ ಹಿತ್ತಿಲಿಗೆ ಇಳಿಸಿದರಂತೆ. ಕಾಲು ಹೋದವನಿಗೆ ಕೂತಲ್ಲೇ ಕಳೆ ಕೀಳುವ ಕೆಲಸ. ಕಣ್ಣು ಹೋದವನಿಗೆ ಎಲೆ ಮೂಸಿ ಗಿಡ ಗುರುತಿಸುವ ಕೆಲಸ. ಸದ್ದಾದರೆ ನಡುಗುವವನಿಗೆ ಗಿಡಕ್ಕೆ ನೀರು ಹೊಯ್ಯುವ ಕೆಲಸ. ಇವನಿಗೆ ಮಣ್ಣು ನಾದುವುದು, ಬೀಜ ಹೆಕ್ಕುವುದು, ಬಳ್ಳಿ ಕಟ್ಟುವುದು. ಮಣ್ಣಿನಲ್ಲಿ ಆಡಿದರೆ ಬೆರಳಿಗೂ ಜೀವ ಬರುತ್ತದೆ, ಮನಸ್ಸಿಗೂ ಬರುತ್ತದೆ ಎಂದು ಡಾಕ್ಟರ ನಂಬಿಕೆ.

ಅತ್ತೆ ಇದನ್ನು ಕೇಳಿ ಹಣೆ ಹಣೆ ಚಚ್ಚಿಕೊಂಡರು. "ತರ್ಕಾರಿ ಮಾಡುಕೆ ಪುಣೆಗ್ ಹೋಯ್ಕಿತ್ತಾ? ಇಲ್ಲೇ ಇದ್ದಿದ್ರೆ ನಾನ್ ಬಾಂಬಿಲ್ದೇ ಕಲ್ಸ್ತಿದ್ದೆ!"

ಡಾಕ್ಟರು ಬರೆದುಕೊಟ್ಟದ್ದನ್ನು ಅವನು ಎಡಗೈಯಲ್ಲಿ ಸೊಟ್ಟ ಸೊಟ್ಟ ಕನ್ನಡಕ್ಕಿಳಿಸಿ ಬಾವಿಕಟ್ಟೆಯ ಹತ್ತಿರದ ಗೋಡೆಗೆ ಅಂಟಿಸಿದ. ಬೆಳಿಗ್ಗೆ ಅರ್ಧ ಗಂಟೆ ಮಣ್ಣು ನಾದುವುದು. ಆಮೇಲೆ ಹೆಬ್ಬೆರಳು, ನಡುಬೆರಳಿನಿಂದ ಬೀಜ ಒಂದೊಂದೇ ಹೆಕ್ಕಿ ಬಿತ್ತುವುದು. ಬಿತ್ತಲು ಅವನಿಗೆ ಸಿಕ್ಕಿದ್ದು ಯಾವ ಬೀಜ ಎನ್ನುತ್ತೀರಿ? ಹರಿವೆ! ಸಾಸಿವೆಗಿಂತ ಸಣ್ಣದು, ನಾವೆಲ್ಲ ಮುಷ್ಟಿಯಲ್ಲಿ ತೆಗೆದು ಎರಚುವಂಥದ್ದು. ಇವನು ಖಾಕಿ ಚಡ್ಡಿ, ಬೂಟು ಹಾಕಿಕೊಂಡು, ಹಗ್ಗ ಹಿಡಿದು ಗೆರೆ ಎಳೆದು, ಮೂರು ದಿನ ಕುಕ್ಕರಗಾಲಿನಲ್ಲಿ ಕೂತು ಒಂದೊಂದೇ ಬೀಜ ಇಟ್ಟ. ನಾಲ್ಕನೆಯ ದಿನ ಮಧ್ಯಾಹ್ನ ಇರುವೆಗಳು ಬಂದು ಅಷ್ಟನ್ನೂ ಸಾಗಿಸಿದವು. ಅವೂ ಒಂದೊಂದೇ ಬೀಜ ಹೊತ್ತದ್ದು, ಅವೂ ಸಾಲು ತಪ್ಪಲಿಲ್ಲ.

"ಕಾಣ್ ಮಾಣಿ, ನಿನ್ ಪಲ್ಟಣ್ ಹೊರಟಿತ್ತ್," ಎಂದೆ ನಾನು. ಅವನು ಇರುವೆ ಸಾಲನ್ನು ಬಗ್ಗಿ ನೋಡಿ, "ಅವ್ಕ್ ಆರೂ ಕಾಲ್ ಸಮ ಇತ್ತಲೆ ಅತ್ತಿಗೆ," ಎಂದ. ಆ ಮಾತಿಗೆ ನಾನು ನಗಬೇಕಿತ್ತೋ ಬಾರದಿತ್ತೋ, ನಕ್ಕುಬಿಟ್ಟೆ.

ಇನ್ನು ಹುಡುಗಿಯ ವಿಷಯ ಹೇಳಬೇಕು. ಮಿಲಿಟರಿಗೆ ಹೋಗುವ ಮುಂಚೆಯೇ ಬ್ರಹ್ಮಾವರದ ಕಡೆಯ ಒಂದು ಹುಡುಗಿಯ ಜೊತೆ ಇವನ ಮದುವೆ ಮಾತಾಗಿತ್ತು. ಇವನು ಬರ್ಮಾದಲ್ಲಿ ಈರುಳ್ಳಿ ಹೊರುತ್ತಿದ್ದಷ್ಟು ಕಾಲ ಅವಳು ಕಾದಿದ್ದಳು. ಈಗ ಅವಳಿಗೆ ಹತ್ತೊಂಬತ್ತು. ಆ ಕಾಲದಲ್ಲಿ ಹತ್ತೊಂಬತ್ತೆಂದರೆ ನೆರೆಹೊರೆಯವರಿಗೆ ನಿದ್ದೆ ಬರುತ್ತಿರಲಿಲ್ಲ. ಅಷ್ಟರಲ್ಲಿ ಬೈಂದೂರಿನಿಂದ ಅವಳಿಗೆ ಒಂದು ಎರಡನೇ ಸಂಬಂಧವೂ ಬಂದಿತ್ತು. ಗಂಡಿಗೆ ಎರಡೂ ಕೈ ಗಟ್ಟಿಯಾಗಿವೆ ಎಂದು ತರಕಾರಿ ಆರಿಸುವಂತೆ ಮಧ್ಯಸ್ಥರು ಹೊಗಳಿದರಂತೆ. ಹುಡುಗಿ ಒಳಗಿನಿಂದಲೇ, "ಎರ್ಡ್ ಕೈಯೂ ಇದ್ರೆ ಅವ್ರೇ ಅಡ್ಗಿ ಮಾಡ್ಕಳ್ಲಿ," ಎಂದಳಂತೆ. ಈ ಮಾತು ನಮ್ಮ ಮನೆಗೆ ಮುಟ್ಟಿದಾಗ ನನಗೆ ಆ ಹುಡುಗಿಯೇ ಬೇಕು ಎನಿಸಿತು.

ಸುಗ್ಗಿಯ ಹೊತ್ತಿಗೆ ಸೌತೆಕಾಯಿ ಬಂತು. ನಮ್ಮಲ್ಲಿ ಮಳೆಗಾಲಕ್ಕೆಂದು ಕೂಡಿಡುವ ತರಕಾರಿ ಎಂದರೆ ಅದೇ. ಬಾಳೆನಾರು ನೆನೆಸಿ, ಒಂದೊಂದೇ ಕಾಯಿಗೆ ಸುತ್ತಿ ಗಂಟು ಹಾಕಿ, ಪಕ್ಕಾಸಿಗೆ ತೂಗಿಸಿಟ್ಟರೆ ದೀಪಾವಳಿ ದಾಟಿದರೂ ಕೆಡುವುದಿಲ್ಲ. ಅದು ಹೆಂಗಸರ ಕೆಲಸ, ಒಂದು ಮಧ್ಯಾಹ್ನದಲ್ಲಿ ಮುಗಿಯುವಂಥದ್ದು. ನಾನು ನಾರು ತೆಗೆದುಕೊಂಡು ಕೂತದ್ದೇ ತಡ, ಇವನು ಬಂದು ಕಸಿದುಕೊಂಡ.

"ಅತ್ತಿಗೆ, ನೀವ್ ಮುಟ್ಟುಕಾಗ. ಇದ್ ನನ್ ಕೈ ಮದ್ದ್."

ಮುಗಿಯಿತು! ಸಾರಿಗೂ ಹುಳಿಗೂ ಇರುವ ಕಾಯಿಗಳೆಲ್ಲ ಇವನ ಮದ್ದಾದವು. ಇಡೀ ಹತ್ತು ದಿನ ಕಟ್ಟಿದ. ಹಲ್ಲಿನಲ್ಲಿ ನಾರು ಕಚ್ಚಿ, ಎಡಗೈಯಲ್ಲಿ ಕಾಯಿ ಒತ್ತಿ, ಬಲಗೈ ಬೆರಳುಗಳನ್ನು ಒಂದೊಂದಾಗಿ ಬೈಯುತ್ತ. ಹಿಂದಿಯಲ್ಲಿ ಬೈಯುತ್ತಿದ್ದನಾದ್ದರಿಂದ ಅತ್ತೆ ಅದನ್ನು ಯಾವುದೋ ಸ್ತೋತ್ರ ಎಂದುಕೊಂಡಿದ್ದರು. ಅಷ್ಟು ಸಾಲದೆಂದು ದಿನಾ ಬೆಳಿಗ್ಗೆ ಏಣಿ ಹತ್ತಿ ಹತ್ತು ಕಾಯಿ ಇಳಿಸಿ, ಗಂಟು ಬಿಚ್ಚಿ, ಹೊಸದಾಗಿ ಕಟ್ಟಿ ಮತ್ತೆ ತೂಗಿಸುವ ಕವಾಯತು ಬೇರೆ.

ಮೊದಲು ಬಿದ್ದದ್ದು ಅತ್ತೆಯ ಬೆನ್ನ ಮೇಲೆ, ಮಜ್ಜಿಗೆ ಕಡೆಯುವಾಗ. ಎರಡನೆಯದು ಬೆಕ್ಕಿನ ಮೇಲೆ. ಬೆಕ್ಕು ಮೂರು ದಿನ ಮನೆ ಬಿಟ್ಟಿತು, ಬಂದ ದಿನವೇ ಇನ್ನೊಂದು ಬಿತ್ತು. ಗಣಹೋಮಕ್ಕೆ ಬಂದಿದ್ದ ಪುರೋಹಿತರಿಗೆ ಮಂತ್ರದ ನಡುವೆಯೇ ಭುಜಕ್ಕೆ ಬಡಿಯಿತು. ಅವರಿಗೆ ಎಲ್ಲಿ ನಿಲ್ಲಿಸಿದ್ದೆಂದು ಮರೆತು, ಪಾಪ, ಮೊದಲಿನಿಂದ ಶುರುಮಾಡಿದರು. ಆ ದಿನ ನಮಗೆ ಊಟವಾದದ್ದು ಮೂರು ಗಂಟೆಗೆ. ಅಂದಿನಿಂದ ಅವರು ನಮ್ಮ ಮನೆಯೊಳಗೆ ಕಾಲಿಡುವಾಗ ದೇವರ ಕಡೆ ನೋಡುವ ಮೊದಲು ಮಾಡಿನ ಕಡೆ ನೋಡುತ್ತಿದ್ದರು.

ಮಳೆಗೆ ಮುಂಚೆ ಹುಡುಗಿಯ ಅಪ್ಪಯ್ಯ ಬಂದರು. ನೆಂಟಸ್ತಿಕೆಗೆ ಎಂದು ಹೇಳಿಕೊಂಡರೂ ಬಂದದ್ದು ಕೈ ನೋಡಲಿಕ್ಕೆ. ಎಲೆ ಹಾಕಿದೆವು. ನಾನು ಸೌತೆಕಾಯಿ ಹುಳಿ ಬಡಿಸಲು ಬಗ್ಗಿದೆ, ಅದೇ ಗಳಿಗೆಗೆ ಮೇಲಿನಿಂದ ಒಂದು ಕಾಯಿ ಬಂದು ಅವರ ಬೆನ್ನಿಗೆ ಬಡಿದು ಎಲೆಯ ಪಕ್ಕಕ್ಕೆ ಉರುಳಿತು. ಬೇಯಿಸಿದ್ದೂ ಬೇಯಿಸದ್ದೂ ಒಟ್ಟಿಗೆ ಬಡಿಸಿದ ಮನೆ ಜಿಲ್ಲೆಯಲ್ಲಿ ನಮ್ಮದೊಂದೇ ಇರಬೇಕು!

ಅವರು ನಿಧಾನಕ್ಕೆ ಕಾಯನ್ನು ಎತ್ತಿ ಸಡಿಲವಾದ ನಾರನ್ನು ನೋಡಿದರು. "ಇದನ್ ಕಟ್ಟಿದ್ ಯಾರ್?"

"ನಾನೇ," ಎಂದ ಮೈದುನ.

"ಸೌತೆಕಾಯೇ ನಿಲ್ತಿಲ್ಲೆ. ನನ್ ಮಗ್ಳ್ ಕುತ್ಗಿಯಂಗ್ ಕರಿಮಣಿ ನಿಲ್ಲತ್ತಾ?"

ನನ್ನ ಯಜಮಾನರು ಸಮಾಧಾನಕ್ಕೆಂದು, "ಅವ ಒಂದ್ ಸಲ ಮುಟ್ರೆ ಸಾಕ್, ಗಂಟ್ ಇವ್ಳ್ ಹಾಕ್ತ್ಳ್," ಎಂದು ನನ್ನ ಕಡೆ ಕೈ ತೋರಿಸಿದರು. ಹಾಗೆ ಮಾಡುವುದು ರೂಢಿಯೂ ಇತ್ತು.

ಮೈದುನ ಎಲೆಯ ಮುಂದಿನಿಂದ ತಲೆ ಎತ್ತಿದ. "ಕಟ್ರೆ ನಾನೇ ಕಟ್ಟುದ್. ಇಲ್ದಿದ್ರೆ ಮದಿಯೇ ಬ್ಯಾಡ. ನವರಾತ್ರಿಯಿಂದ ದೀಪಾವಳಿ ತನ್ಕ ನಾ ಕಟ್ಟಿದ್ ಒಂದ್ ಕಾಯಿಯೂ ಬೀಳ್ದಿದ್ರೆ ದಿನ ಇಡಿ. ಒಂದ್ ಬಿದ್ರೂ ಬೈಂದೂರಿನವ್ರಿಗೆ ಹೂಂ ಅನ್ನಿ."

ಅವನ ಹುಚ್ಚು ನೋಡಿ! ಹೆಣ್ಣೊಂದರ ಬಾಳನ್ನು ಬಾಳೆನಾರಿಗೆ ಕಟ್ಟಿ ಪಕ್ಕಾಸಿಗೆ ತೂಗುಹಾಕಿದ! ಆ ಅಪ್ಪಯ್ಯನೂ ಕಡಿಮೆಯವರಲ್ಲ, "ಅಡ್ಡಿಲ್ಲೆ" ಎಂದು ಒಪ್ಪಿ ಬೆನ್ನು ನೀವಿಕೊಳ್ಳುತ್ತ ಹೋದರು.

ಇಷ್ಟಾದ ಮೇಲೆ ನಾನು ಸುಮ್ಮನೆ ಕೂರುವವಳೇ? ಮರುದಿನದಿಂದಲೇ ಶುರುಮಾಡಿದೆ. ನಾವು ಏಳುವ ಮೊದಲೇ ಹತ್ತು ಕಾಯಿ ಕಟ್ಟಿ ತೂಗಿಸುವ ಅವನು ತೋಟಕ್ಕೆ ಇಳಿಯುವುದನ್ನೇ ಬೆಳಿಗ್ಗೆ ಕಾಯುವುದು. ಅವನ ಬೆನ್ನು ಬಸಳೆ ಚಪ್ಪರದ ಆಚೆ ಮರೆಯಾದ ಕೂಡಲೇ ಏಣಿ ಹತ್ತಿ, ಅವನ ಗಂಟು ಬಿಚ್ಚಿ, ನನ್ನ ಗಂಟು ಹಾಕುವುದು. ನನ್ನ ತವರು ಗಂಗೊಳ್ಳಿ ಕಡೆ. ನಾರನ್ನು ಎರಡು ಸುತ್ತು ಸುತ್ತಿ, ತುದಿಯನ್ನು ಸುತ್ತಿನ ಒಳಗೇ ತೂರಿಸಿ ಎಳೆಯುವುದು ನಮ್ಮ ಅಮ್ಮ ಕಲಿಸಿದ ಕ್ರಮ. ತುದಿ ಹೊರಗೆ ಕಾಣುವುದೇ ಇಲ್ಲ. ಅತ್ತೆ ಕೆಳಗೆ ಏಣಿ ಹಿಡಿದುಕೊಂಡು, "ಬ್ಯಾಗ ಇಳಿ ಮಾರಾಯ್ತಿ, ಬಂದ, ಬಂದ," ಎಂದು ಪಿಸುಗುಡುತ್ತಿದ್ದರು. ಮಿಲಿಟರಿಯವನ ಮನೆಯಲ್ಲಿ ಗೂಢಚಾರಿಕೆ ನಡೆಸಿದವರು ನಾವಿಬ್ಬರು ಹೆಂಗಸರು!

ಕಾಯಿಗಳು ಬೀಳುವುದು ನಿಂತಿತು. ಬೆಕ್ಕು ಮತ್ತೆ ಒಳಗೆ ಮಲಗತೊಡಗಿತು. ಆಷಾಢ ಕಳೆಯುತ್ತಿದ್ದಂತೆ ನನಗೆ ಇನ್ನೊಂದು ಅನುಕೂಲವೂ ಆಯಿತು. ಏಣಿ ಹತ್ತಿ ನೋಡಿದರೆ ಆ ದಿನದ ಸರದಿಯ ಹತ್ತರಲ್ಲಿ ನಾಲ್ಕಕ್ಕೆ ನನ್ನ ಗಂಟೇ ಹಾಗೇ ಇರುತ್ತಿತ್ತು. ಶ್ರಾವಣಕ್ಕೆ ಏಳು, ಚೌತಿಯ ಹೊತ್ತಿಗೆ ಹತ್ತಕ್ಕೆ ಹತ್ತು. ಸೋಮಾರಿ, ಬಿಚ್ಚುವುದನ್ನೇ ಬಿಟ್ಟಿದ್ದಾನೆ ಎಂದುಕೊಂಡೆ. ಅನಿಸಿದ್ದನ್ನು ಒಳಗಿಟ್ಟುಕೊಳ್ಳುವ ಅಭ್ಯಾಸ ನನಗಿಲ್ಲ.

"ಎಂತ ಮಾಣಿ, ಮಿಲಿಟ್ರಿ ಶಿಸ್ತ್ ಮಳಿಗ್ ಕರ್ಗಿ ಹೋಯ್ತಾ? ಇತ್ಲಾಗ್ ಏಣಿ ಹತ್ತುದೇ ಕಾಣ್ತಿಲ್ಲೆ?"

"ಹತ್ತಿಯೇ ಇಳ್ದೆ ಅತ್ತಿಗೆ," ಎಂದು ನಗುವನು. ನಗುವ ಮುಖ ನೋಡಿ ನನಗೆ ಇನ್ನೂ ಉರಿಯುತ್ತಿತ್ತು. ಊರಿಗೆಲ್ಲ ಹೇಳಿಕೊಂಡು ತಿರುಗಿದೆ, ನಮ್ಮ ಮೈದುನನಿಗೆ ಮದುವೆಯಾಗುವ ಚಪಲ ಉಂಟು, ಕೈ ಆಡಿಸುವ ಚಪಲವಿಲ್ಲ ಎಂದು.

ದೀಪಾವಳಿ ಬಂತು. ಒಂದೂ ಬಿದ್ದಿರಲಿಲ್ಲ. ಬಲಿಪಾಡ್ಯಮಿಯ ಮರುದಿನ ಅವನು ಅಡಿಗೆಮನೆಯ ಬಾಗಿಲಿಗೆ ಬಂದು, ಬೂಟು ಜೋಡಿಸಿ ನಿಂತು, "ಅತ್ತಿಗೆ, ಬ್ರಹ್ಮಾವರಕ್ ಹೇಳಿ ಕಳ್ಸಿ, ದಿನ ಇಡ್ಲಿ ಅಂದೇಳಿ," ಎಂದ. ಬಲಗೈಯನ್ನು ಮಗು ಹೊಸ ಬಳೆ ತೋರಿಸುವಂತೆ ನನ್ನ ಮುಂದೆ ಹಿಡಿದಿದ್ದ.

ಗಂಟೆಲ್ಲ ನನ್ನದು, ಇವನ ಕೈ ಹೇಗಿತ್ತೋ ಹಾಗೇ ಇದೆ ಎಂದು ಹೇಳಲೇ? ಹೇಳಿದರೆ ಇವನು ಮಾತಿಗೆ ಕಟ್ಟುಬಿದ್ದು ಹುಡುಗಿಯನ್ನು ಬೈಂದೂರಿಗೆ ಬಿಟ್ಟುಕೊಡುವ ಜಾತಿ. ಹೇಳದಿದ್ದರೆ ಮಂಟಪದಲ್ಲಿ ಎಲ್ಲರ ಎದುರು ಆ ಬೆರಳುಗಳು ಕೈಕೊಡುತ್ತವೆ. "ಆಯ್ತ್ ಮಾಣಿ" ಎಂದಷ್ಟೇ ಹೇಳಿ ಒಲೆಯ ಕಡೆ ತಿರುಗಿದೆ.

ಮದುವೆ ಹುಡುಗಿಯ ಮನೆಯಂಗಳದಲ್ಲಿ. ನಾನು ಆರತಿ ತಟ್ಟೆ ಹಿಡಿದು ಹುಡುಗಿಯ ಬೆನ್ನಿಗೇ ನಿಂತಿದ್ದೆ. ಅವನ ಬೆರಳು ಸೋತರೆ ತಟ್ಟೆಯನ್ನು ಅತ್ತೆಯ ಕೈಗೆ ತಳ್ಳಿ ಗಂಟು ನಾನು ಹಾಕುವುದೆಂದು ನಾವಿಬ್ಬರೂ ಮಾತಾಡಿಕೊಂಡಿದ್ದೆವು. ಅದೇ ಪುರೋಹಿತರು. ಅವನು ಕರಿಮಣಿ ಕೈಗೆ ತೆಗೆದುಕೊಂಡದ್ದೇ ಅವರು ಒಮ್ಮೆ ಚಪ್ಪರದ ಕಡೆ ಮೇಲೆ ನೋಡಿ ಸ್ವಲ್ಪ ಪಕ್ಕಕ್ಕೆ ಸರಿದರು.

ಅವನು ಕಟ್ಟತೊಡಗಿದ. ಗಟ್ಟಿಮೇಳ ಒಂದು ಸುತ್ತು ಮುಗಿದು ಮತ್ತೆ ಶುರುವಾಯಿತು. ಹುಡುಗಿ ಕತ್ತು ಬಗ್ಗಿಸಿ ಅಲ್ಲಾಡದೆ ಕೂತಿದ್ದಳು. ಬೆರಳುಗಳು ನಡುಗಿದವು, ದಾರ ಒಮ್ಮೆ ಜಾರಿತು. ನನ್ನ ಒಂದು ಕೈ ಆಗಲೇ ಮುಂದೆ ಹೋಗಿತ್ತು. ಅವನು ದಾರ ಹಿಡಿದ, ಎರಡು ಸುತ್ತು ಸುತ್ತಿದ, ತುದಿಯನ್ನು ಸುತ್ತಿನ ಒಳಗೆ ತೂರಿಸಿ ಎಳೆದ. ತುದಿ ಕಾಣಲೇ ಇಲ್ಲ.

ಅದು ನಮ್ಮ ಅಮ್ಮನ ಗಂಟು!

ಅವನು ತಲೆ ಎತ್ತದೆ, ನನಗೂ ಹುಡುಗಿಗೂ ಮಾತ್ರ ಕೇಳುವಷ್ಟು ಮೆಲ್ಲಗೆ, "ಅತ್ತಿಗೆ, ಇದೊಂದನ್ ನಾಳೆ ಏಣಿ ಹತ್ತಿ ಬಿಚ್ಚುಕಾಗ," ಎಂದ. ಹುಡುಗಿಯ ಭುಜ ನಗುವಿಗೆ ಕುಲುಕಿತು. ಅವನೇ ಮುಂದುವರಿಸಿದ: "ನಿಮ್ ಗಂಟ್ ದಿನಾ ಬಿಚ್ಚಿ ಬಿಚ್ಚಿಯೇ ಕಲ್ತದ್ದ್. ಚೌತಿಯಿಂದ ಈಚಿಗ್ ನೀವ್ ಕಂಡದ್ದೆಲ್ಲ ನಾ ಕಟ್ಟಿದ್ದೇ."

ಸೋಮಾರಿ ಎಂದು ಊರೆಲ್ಲ ಸಾರಿದ್ದೆನಲ್ಲ, ಆ ತಿಂಗಳುಗಳಲ್ಲಿ ಅವನು ಬೆಳಿಗ್ಗೆ ಬೆಳಿಗ್ಗೆ ಆ ಏಣಿಯ ಮೇಲೆ ಒಬ್ಬನೇ ಕೂತು ನನ್ನ ಗಂಟನ್ನು ಬಿಚ್ಚಿ ನೋಡಿ, ಅಂಥದ್ದೇ ಹಾಕಿ, ಮತ್ತೆ ಬಿಚ್ಚಿ ಹಾಕಿ, ಇಳಿದು ಬಂದು ನನ್ನ ಬಾಯಿಯಿಂದ ಬೈಸಿಕೊಂಡು ನಕ್ಕಿದ್ದ. ನನಗೆ ನಾಚಿಕೆಯಾಯಿತು, ಹೇಳಲಾರದಷ್ಟು ಸಂತೋಷವೂ ಆಯಿತು. ಕಣ್ಣು ಮಂಜಾಗಿ ತಟ್ಟೆಯ ದೀಪ ಎರಡೆರಡಾಗಿ ಕಂಡಿತು. ಸೆರಗಿನಿಂದ ಕಣ್ಣೊರೆಸಲು ಹೋದೆ, ತಟ್ಟೆ ವಾಲಿತು.

"ಅತ್ತಿಗೆ, ಬೀಳತ್ ಕಾಣಿ," ಎಂದು ಅವನು ತಟ್ಟೆಯ ಅಡಿಗೆ ತನ್ನ ಬಲಗೈ ಕೊಟ್ಟು ಹಿಡಿದುಕೊಂಡ.