ನನಗೆ ಬಿದ್ದ ಹೆಡ್‌ಮಾಸ್ತರರ ಟ್ಯಾಕ್ಸು

ದುಡ್ಡಿನ ವಿಷಯದಲ್ಲಿ ನಾನು ನಿರ್ಲಿಪ್ತ ಎಂದು ಅನೇಕರು ನಂಬಿದ್ದಾರೆ. ಪಗಾರದ ದಿನ ಎಲ್ಲರೂ ಬೆರಳಿಗೆ ಎಂಜಲು ಹಚ್ಚಿ ನೋಟು ಎಣಿಸುವಾಗ ನಾನು ಸುಮ್ಮನೆ ಜೇಬಿಗೆ ಇಳಿಸುತ್ತಿದ್ದುದೇ ಅದಕ್ಕೆ ಕಾರಣ. ಆಮೇಲೆ ಸಾಲೆಯ ಹಿಂದಿನ ಬೇವಿನ ಮರದ ಮರೆಗೆ ಹೋಗಿ ಎರಡು ಸಲ ಎಣಿಸುತ್ತಿದ್ದೆ. ಅದು ಯಾರಿಗೂ ಗೊತ್ತಿರಲಿಲ್ಲ. ಬನಹಟ್ಟಿಯ ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತಿದ್ದ ಆ ಕಾಲದಲ್ಲಿ ಒಂದು ಫೆಬ್ರುವರಿಯ ಪಗಾರವನ್ನು ಮಾತ್ರ ನಾಲ್ಕು ಸಲ ಎಣಿಸಿದೆ. ನಾಲ್ಕೂ ಸಲ ನೂರಾ ಎಂಬತ್ತು ರೂಪಾಯಿ ಕಡಿಮೆಯೇ ಬಂತು.

ಕ್ಲರ್ಕ್ ಮಲ್ಲಪ್ಪನ ಹತ್ತಿರ ಹೋದೆ. ಆತ ಬಿಲ್ಲು ತೆಗೆದು ನನ್ನ ಹೆಸರಿನ ಮುಂದೆ ಬೆರಳಿಟ್ಟ.

"ಇನ್‌ಕಮ್ ಟ್ಯಾಕ್ಸ್ ಮುರದೈತ್ರಿ, ಸರ."

"ನನಗೆಲ್ಲಿ ಇನ್‌ಕಮ್ಮೋ ಮಲ್ಲಪ್ಪ?"

"ಅದನ್ನ ನಾ ಹ್ಯಾಂಗ ಕೇಳಲಿರಿ? ನೀವು ಸಿಟ್ಟಾಗ್ತೀರಿ."

ಮನೆಯಲ್ಲಿ ಹೆಂಡತಿ ಗಂಗವ್ವನಿಗೆ ಹೇಳಿದೆ. ಅಳುತ್ತಾಳೆ ಎಂದುಕೊಂಡಿದ್ದೆ. ಆಕೆ ಸೆರಗು ಸರಿಮಾಡಿಕೊಂಡು, "ಅಂದ್ರ, ನಾವು ಇನ್‌ಕಮ್ ಟ್ಯಾಕ್ಸ್ ಕಟ್ಟೋರೇನ್ರಿ?" ಎಂದಳು. ಮರುದಿನ ನಲ್ಲಿಯ ಹತ್ತಿರ ನೀರು ತುಂಬುವ ಹೊತ್ತಿಗೆ ಈ ಸುದ್ದಿ ಓಣಿಯ ತುಂಬ ಹರಡಿತ್ತು. ಆ ರವಿವಾರ ತೇರದಾಳದಿಂದ ಮಾವನವರು ಬಸ್ಸು ಹತ್ತಿ ಬಂದರು. ಹಿರಿಯ ಮಗಳನ್ನು ಅರಿವೆ ವ್ಯಾಪಾರಿಗೆ ಕೊಟ್ಟು, ಕಿರಿಯಳನ್ನು ಮಾಸ್ತರನಿಗೆ ಕೊಟ್ಟದ್ದಕ್ಕೆ ಹನ್ನೆರಡು ವರ್ಷದಿಂದ ಮರುಗುತ್ತಿದ್ದವರು, ಅವತ್ತು ನನ್ನ ಪಕ್ಕದಲ್ಲಿ ಕುಳಿತು, "ದೊಡ್ಡ ಅಳಿಯಾ ಒಂದ್ ರೂಪಾಯಿ ಟ್ಯಾಕ್ಸ್ ಕಟ್ಟಂಗಿಲ್ಲ ನೋಡ್ರಿ" ಎಂದರು. ಹೊಲದ ಬದುವಿನ ತಂಟೆಯ ಬಗ್ಗೆ ನನ್ನ ಸಲಹೆಯನ್ನೂ ಕೇಳಿದರು. ಇದು ತಪ್ಪಾಗಿ ಮುರಿದ ಟ್ಯಾಕ್ಸು ಎಂದು ಹೇಳಲು ಎರಡು ಸಲ ಬಾಯಿ ತೆರೆದೆ. ಗಂಗವ್ವ ಎರಡೂ ಸಲ ಬಾಯಿಗೆ ಸರಿಯಾಗಿ ಚಹಾ ತಂದಿಟ್ಟಳು.

ಹಾಗೆಯೇ ಬಿಟ್ಟುಬಿಡುತ್ತಿದ್ದೆನೋ ಏನೋ. ಆದರೆ ಆ ವಾರ ಮಗಳು ಸುಮಿತ್ರಾ ಬೋರ್ಡಿನ ಮೇಲಿನ ಎಂಟನ್ನೆಲ್ಲ ಮೂರೆಂದು ಬರೆದುಕೊಂಡು ಬಂದು, ಲೆಕ್ಕ ತಪ್ಪಿದ್ದಕ್ಕೆ ಅತ್ತಳು. ಆಕೆಯ ಕಣ್ಣಿಗೆ ಜಮಖಂಡಿಯಲ್ಲಿ ಚಾಳೀಸು ಮಾಡಿಸುವುದು ಆ ಪಗಾರದಲ್ಲೇ ಎಂದು ಮಾತಾಗಿತ್ತು. ನನ್ನ ದೊಡ್ಡಸ್ತಿಕೆಯ ಖರ್ಚನ್ನು ಮಗಳ ಕಣ್ಣು ಕೊಡುತ್ತಿತ್ತು. ಮರುದಿನ ಮಲ್ಲಪ್ಪನ ಎದುರು ಕುಳಿತು, ಬಿಲ್ಲಿನ ಮೇಲೆ ಅಳತೆಪಟ್ಟಿ ಇಡಿಸಿ, ಒಂದೊಂದೇ ಸಾಲು ಓದಿಸಿದೆ. ಮಲ್ಲಪ್ಪನ ಬೆರಳು ನನ್ನ ಹೆಸರಿನ ಮೇಲಿನ ಸಾಲಿಗೆ ಹೋಗಿ ನಿಂತಿತು.

"ಹೆಡ್‌ಮಾಸ್ತರ್ ಟ್ಯಾಕ್ಸ್ ಒಂದ್ ಸಾಲು ತೆಳಗ ಇಳದೈತ್ರಿ, ಸರ."

ನನ್ನ ಕೆಲಸದ ಬಗ್ಗೆ ಮೇಲಿನವರಿಗೆ ಗುಟ್ಟಾಗಿ ವರದಿ ಬರೆಯುವವರೇ ಹೆಡ್‌ಮಾಸ್ತರರು. ಅವರ ಕೋಣೆಯ ಬಾಗಿಲವರೆಗೆ ಹೋಗಿ ಮೂರು ಸಲ ತಿರುಗಿ ಬಂದೆ. ನಾಲ್ಕನೆಯ ಸಲ ಅವರೇ ಕರೆದರು. ವಿಷಯ ಕೇಳಿ ಅವರಿಗೆ ಆಶ್ಚರ್ಯವೇನೂ ಆಗಲಿಲ್ಲ.

"ಪಗಾರ ಪೂರಾ ಬಂದಾಗ ನನಗೂ ಸಂಶೆ ಬಂದಿತ್ರಿ. ನಿಮಗ ಟ್ಯಾಕ್ಸ್ ಬಿದ್ದ ಸುದ್ದೀನೂ ಕೇಳಿದ್ದೆ. ಆದ್ರ ನೀವ ಏನೂ ಅನ್ನಲಿಲ್ಲ. ನೀವು ರೊಕ್ಕಕ್ಕ ತಲಿ ಕೆಡಿಸಿಕೊಳ್ಳೂ ಮನಶ್ಯಾ ಅಲ್ಲ ಅಂತ ನಾನೂ ಸುಮ್ಮನಿದ್ದೆ."

"ಈಗ ಸ್ವಲ್ಪ ಕೆಡಿಸಿಕೊಂಡೇನ್ರಿ" ಎಂದೆ. ನನ್ನ ನೌಕರಿಯಲ್ಲಿ ನಾನು ಆಡಿದ ಅತಿ ಧೈರ್ಯದ ಮಾತು ಅದೇ.

ದುಡ್ಡು ವಾಪಸು ಕೇಳುವ ಅರ್ಜಿಗೆ ಅವರು ಸಹಿ ಹಾಕಿದರು. ಅರ್ಜಿ ಹಿಡಿದು ಜಮಖಂಡಿಯ ಖಜಾನೆಗೆ ಐದು ಸಲ ಅಲೆದೆ. ಜೂನಿನಲ್ಲಿ ದುಡ್ಡು ಬಂತು. ಮಾವನವರಿಗೆ ತಿಳಿಸಬಾರದೆಂದು ಗಂಗವ್ವ ನನ್ನಿಂದ ಭಾಷೆ ತೆಗೆದುಕೊಂಡಳು. ನಾನು ಬಹಳ ಬೇಗ ಭಾಷೆ ಕೊಟ್ಟೆ.

ಚಾಳೀಸು ಮಾಡಿಸಿಕೊಂಡು ಸುಮಿತ್ರಾಳ ಕೈ ಹಿಡಿದು ಓಣಿಗೆ ಬರುವಾಗ, ಹತ್ತು ಪವರ್‌ಲೂಮಿನ ಮಾಲಕ ಶಂಕ್ರೆಪ್ಪಣ್ಣ ತಾನಾಗಿ ಎದ್ದು ನಮಸ್ಕಾರ ಮಾಡಿದ.

"ಏನ್ ಸರ, ಈ ವರ್ಷ ಟ್ಯಾಕ್ಸ್ ಎಷ್ಟ ಕಟ್ಟಿದ್ರಿ?"

ಸತ್ಯವೇ ನುಡಿಯಬೇಕೆಂದು ವಾರಕ್ಕೆ ಆರು ದಿನ ಪಾಠ ಹೇಳುವ ನಾನು ಗಂಭೀರವಾಗಿ, "ಅದನ್ನೆಲ್ಲಾ ಹಾದ್ಯಾಗ ಹೇಳಬಾರದ್ರಿ, ಶಂಕ್ರೆಪ್ಪಣ್ಣ" ಎಂದೆ.

ಆತ ದನಿ ತಗ್ಗಿಸಿ, "ಖರೆ ಅಂದ್ರಿ. ನಾನೂ ನಂದು ಯಾರ ಮುಂದೂ ಹೇಳೂದಿಲ್ಲ" ಎಂದ.

ಸುಮಿತ್ರಾ ತಲೆ ಎತ್ತಿ ಹೊಸ ಚಾಳೀಸಿನಿಂದ ನನ್ನ ಮುಖವನ್ನೇ ಎವೆಯಿಕ್ಕದೆ ನೋಡುತ್ತಿದ್ದಳು. ನಾನು ದೂರದ ಅಂಗಡಿಯ ಬೋರ್ಡು ತೋರಿಸಿ, "ಅದನ್ನ ಓದ ನೋಡೂಣು" ಎಂದೆ.