ದೀಪ ಹಚ್ಚದಿರಲು ವಿದ್ಯುತ್ ಕಂಪನಿಗೊಂದು ಮನವಿ

ವಿದ್ಯುತ್ ಕಂಪನಿಯ ಜೀವವೈವಿಧ್ಯ ವಿಭಾಗದ ಮುಖ್ಯಸ್ಥರಾದ ಮಾನ್ಯರೇ,

ತಮ್ಮ ಕಚೇರಿಯ ಎದುರು ಸಾಲಿನಲ್ಲಿ ಫೋಟೊ ಸ್ಟುಡಿಯೊ ಇಟ್ಟುಕೊಂಡು, ತಮ್ಮ ಕಾರು ಬಂದಾಗಲೆಲ್ಲ ತನ್ನ ಸ್ಕೂಟರನ್ನು ಯಾರೂ ಹೇಳದೆಯೇ ಪಕ್ಕಕ್ಕೆ ಸರಿಸುವ ನೆರೆಯವನ ನಮಸ್ಕಾರಗಳು. ತಾವು ಕ್ಷೇಮವೆಂದು ನಂಬಿದ್ದೇನೆ. ತಮ್ಮ ವಿಭಾಗಕ್ಕೆ ಪರಿಸರ ಪ್ರಶಸ್ತಿ ಬರುವ ಸೂಚನೆಯಿದೆಯೆಂದೂ, ತೀರ್ಪುಗಾರರು ಶುಕ್ರವಾರ ಸಂಜೆ ಬರುತ್ತಾರೆಂದೂ ಕೇಳಿ ನಮ್ಮ ಬೀದಿಗೆ ಬೀದಿಯೇ ಹಿಗ್ಗಿದೆ.

ಹೊಸ ತಂತಿ ಎಳೆಯಲೆಂದು ಬೀದಿಯ ಮರಗಳನ್ನೆಲ್ಲ ತಾವು ಕಡಿಸಿದಾಗ ನಾವು ಅವಿವೇಕಿಗಳು ಗೊಣಗಿದ್ದುಂಟು. ಆದರೆ ತಾವು ಹಕ್ಕಿಗಳ ಕೈಬಿಡಲಿಲ್ಲ. ಪ್ರತಿ ಕಂಬಕ್ಕೂ ವಾರ್ನಿಷ್ ಬಳಿದ ಮರದ ಗೂಡು, ಒಳಗೆ ಮೆತ್ತನೆಯ ಹುಲ್ಲಿನ ಹಾಸಿಗೆ, ಮುಂದೆ ಕಂಪನಿಯ ಲಾಂಛನ! ಆ ಲಾಂಛನದ ಸ್ಟಿಕ್ಕರನ್ನು ಗುತ್ತಿಗೆದಾರ ನಕ್ಷೆಯಲ್ಲಿದ್ದಂತೆ ಗೂಡಿನ ಮುಖದ ನಟ್ಟನಡುವೆ, ಅಂದರೆ ಸರಿಯಾಗಿ ತೂತಿನ ಮೇಲೆಯೇ ಅಂಟಿಸಿದ್ದು ಮಾತ್ರ ಯಾರ ಕಣ್ಣಿಗೂ ಬೀಳಲಿಲ್ಲ. ಹಕ್ಕಿ ಗೂಡಿನಿಂದ ಇಣುಕುವ ಚಿತ್ರ ವಾರ್ಷಿಕ ವರದಿಗೆ ಬೇಕೆಂದು ತಾವು ನನಗೇ ಹೇಳಿದ್ದರಿಂದ, ಏಣಿ ಹತ್ತಿ, ಕುತ್ತಿಗೆ ಹಿಡಿದುಕೊಳ್ಳುವವರೆಗೆ ಕಾದೆ. ಅಂಗಡಿಯಲ್ಲಿ ಫೋಟೊಗಳಿಗೆ ಚೌಕಟ್ಟು ಹಾಕುವ ನನ್ನ ಅಕ್ಕ ಕೆಳಗಿನಿಂದ, "ಅಲ್ವೋ, ಬಾಗಿಲೇ ಇಲ್ಲದ ಮನೆಗೆ ಯಾರು ಬಾಡಿಗೆಗೆ ಬರ್ತಾರೋ? ಇಳಿಯೋ ಕೆಳಗೆ!" ಎಂದು ಕೂಗಿದ ಮೇಲೆಯೇ ನನಗೂ ಜ್ಞಾನೋದಯವಾದದ್ದು.

ವಿಷಯ ತಿಳಿಸಿದೊಡನೆ ತಮ್ಮ ವಿಭಾಗದವರು ಬಂದು ಸ್ಟಿಕ್ಕರ್ ಕತ್ತರಿಸಿ ತೂತು ಬಿಡಿಸಿದರು. ಮರುವಾರವೇ ಪ್ರಚಾರ ವಿಭಾಗದವರು ಬಂದು, ಅಯ್ಯೋ ಲಾಂಛನಕ್ಕೆ ತೂತು ಬಿದ್ದಿದೆಯಲ್ಲ ಎಂದು ನೊಂದು, ಹೊಸದನ್ನು ಅಂಟಿಸಿ ಹೋದರು. ಎರಡೂ ವಿಭಾಗಗಳ ಕರ್ತವ್ಯನಿಷ್ಠೆಗೆ ನಾನು ತಲೆಬಾಗುತ್ತೇನೆ.

ನಡುವಿನ ಆ ಬಿಡುವಿನಲ್ಲಿ ಗುಬ್ಬಿಗಳು ತೋರಿದ ಅವಿಧೇಯತೆಯನ್ನು ಹೇಳಲು ನಾಚಿಕೆಯಾಗುತ್ತದೆ. ಅವು ಕಂಪನಿಯ ಗೂಡುಗಳಿಂದ ಹಾಸಿಗೆಯ ಹುಲ್ಲನ್ನಷ್ಟೇ ಕಿತ್ತುಕೊಂಡು, ತಮ್ಮ ಕಚೇರಿಯ ಬಾಗಿಲ ಮೇಲೆ 'ಜೀವವೈವಿಧ್ಯ ವಿಭಾಗ' ಎಂದು ಬರೆದ ಪೆಟ್ಟಿಗೆಯಂಥ ದೀಪಫಲಕದ ಒಡೆದ ಮೂಲೆಯಿಂದ ಒಳಹೊಕ್ಕು, ಅಲ್ಲಿ ಸಂಸಾರ ಹೂಡಿವೆ. ಊರಿಗೆಲ್ಲ ಬೆಳಕು ಕೊಡುವ ಕಂಪನಿಯ ಆ ಫಲಕದೊಳಗಿನ ದೀಪ ಕೆಟ್ಟು ಎಷ್ಟೋ ಕಾಲವಾಗಿರುವುದರಿಂದ ಗುಬ್ಬಿಗಳಿಗೆ ಅದು ಹೇಳಿ ಮಾಡಿಸಿದ ಮನೆ. ಈಗ ಒಳಗೆ ಮರಿಗಳಿವೆ. ಅವು ಬೆಚ್ಚಿಬಿದ್ದಾವೆಂದು ಅಕ್ಕ ಮೊಳೆ ಹೊಡೆಯುವ ಕೆಲಸವನ್ನೆಲ್ಲ ಅಂಗಡಿಯ ಹಿಂಭಾಗಕ್ಕೆ ಸಾಗಿಸಿದ್ದಾಳೆ.

ಇಂಥ ಹೊತ್ತಿನಲ್ಲಿ, ಫಲಕದೊಳಗಿನ 'ಕಸ' ತೆಗೆಸಿ, ಹೊಸ ದೀಪ ಹಾಕಿಸಿ, ಶುಕ್ರವಾರ ಸಂಜೆ ಝಗಝಗ ಬೆಳಗಿಸಬೇಕೆಂದು ತಾವು ಅಪ್ಪಣೆ ಕೊಡಿಸಿದ್ದೀರಂತೆ. ತಮ್ಮ ಎಲೆಕ್ಟ್ರಿಷಿಯನ್ನೇ ನಮ್ಮಲ್ಲಿಗೆ ಬಂದು, "ನನ್ ಕೈಲಿ ಆಗಲ್ಲಪ್ಪಾ, ನನ್ ಮುಖ ನೋಡಿದ್ರೆ ತುತ್ತಿಗೆ ಬಾಯಿ ಬಿಡ್ತವೆ ಅವು. ನೀವೇ ಸಾಹೇಬ್ರಿಗೆ ಒಂದು ಮಾತು ಹೇಳಿ" ಎಂದು ಏಣಿಯನ್ನು ಇಲ್ಲೇ ಒರಗಿಸಿ ಹೋಗಿದ್ದಾನೆ.

ಮಾನ್ಯರೇ, ತಮಾಷೆ ಹಾಗಿರಲಿ, ನನಗೆ ನಿಜಕ್ಕೂ ಸಂಕಟವಾಗುತ್ತಿದೆ. ಮರಿಗಳು ಹಾರುವವರೆಗೆ ಆ ಫಲಕವನ್ನು ಹೀಗೇ ಕತ್ತಲಲ್ಲಿ ಬಿಡಿ. ಅದು ಸಾಧ್ಯವಿಲ್ಲವಾದರೆ, ಶುಕ್ರವಾರದೊಳಗೆ ರೆಕ್ಕೆ ಬಲಿಸಿಕೊಳ್ಳತಕ್ಕದ್ದು ಎಂದು ಮರಿಗಳಿಗೊಂದು ಸುತ್ತೋಲೆ ಹೊರಡಿಸಿ. ಅದೂ ಆಗದಿದ್ದರೆ, ಕಡಿಸಿದ ಮರಗಳನ್ನು ಗುರುವಾರ ಮಧ್ಯಾಹ್ನದೊಳಗೆ ನೆರಳು ಸಮೇತ ಇದ್ದಲ್ಲೇ ನಿಲ್ಲಿಸಿಕೊಡಿ. ಕತ್ತಲಲ್ಲಿ ತೀರ್ಪುಗಾರರು ಎಡವಿಯಾರೆಂಬ ಚಿಂತೆ ತಮಗೆ ಬೇಡ. ಸ್ಟುಡಿಯೊದ ದೀಪಗಳನ್ನು ಹೊತ್ತು ತಂದು ಮೆಟ್ಟಿಲಿಗೆ ಬೆಳಕು ಹಿಡಿಯಲು ನಾನು ತಯಾರಿದ್ದೇನೆ.

ತಮ್ಮ ಲಾಂಛನದಷ್ಟೇ ಗಟ್ಟಿಯಾಗಿ ಈ ಬೀದಿಗೆ ಅಂಟಿಕೊಂಡಿರುವ,
ತಮ್ಮ ವಿಶ್ವಾಸಿ,
ಎದುರು ಸಾಲಿನ ಫೋಟೊದವನು

ಮರೆತಿದ್ದೆ: ತಾವು ಕೇಳಿದ್ದ ಚಿತ್ರ ಕೊನೆಗೂ ಸಿಕ್ಕಿದೆ. ತಾಯಿಗುಬ್ಬಿ ಹುಳು ಕಚ್ಚಿಕೊಂಡು ಕೂತಿದೆ, ಒಡೆದ ಮೂಲೆಯಲ್ಲಿ ಮರಿಗಳು ಬಾಯಿ ತೆರೆದಿವೆ, ಕೆಳಗೆ ತಮ್ಮ ವಿಭಾಗದ ಹೆಸರು ಬಲು ಸ್ಪಷ್ಟವಾಗಿ ಬಂದಿದೆ. ಅಕ್ಕ ಅದನ್ನು ದೊಡ್ಡದು ಮಾಡಿಸಿ, ಚೌಕಟ್ಟು ಹಾಕಿ, ತೀರ್ಪುಗಾರರು ಕಾರಿನಿಂದ ಇಳಿದೊಡನೆ ಕಾಣುವಂತೆ ನಮ್ಮ ಅಂಗಡಿಯ ಗಾಜಿನ ಹಿಂದೆ ಇಟ್ಟಿದ್ದಾಳೆ. ಅಡಿಬರಹದ ಜಾಗ ಮಾತ್ರ ಖಾಲಿ ಇದೆ. 'ನಮ್ಮ ಎದುರುಮನೆಯವರು' ಎಂದು ಬರೆಯಬೇಕೋ, 'ಶುಕ್ರವಾರದವರೆಗೆ ಇಲ್ಲಿದ್ದವರು' ಎಂದು ಬರೆಯಬೇಕೋ, ತಮ್ಮ ಸ್ವಿಚ್ಚು ನೋಡಿಕೊಂಡು ಬರೆಯುತ್ತಾಳಂತೆ.